ಹಿಮಚಂದ್ರರ ಕೃಷ್ಣ-ಶ್ವೇತ ವಿಚಾರ

(ಶ್ರೀಮಠದ ಸುವರ್ಣಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಕರ್ಕಿಯಿಂದ ಬಂದ ಉಪನ್ಯಾಸಕರು ಮಾಡಿದ ಭಾಷಣ)

 

ಈ ಮಂಗಳಸಮಯದಲ್ಲಿ ಖಗೋಳವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಶ್ರೀಗಳವರು ದಯಪಾಲಿಸಿರುವುದರಿಂದ, ಶನಿಗ್ರಹದ ಪರಿವಾರಕ್ಕೆ ಸೇರಿದ ಒಂದು ಚಂದ್ರನನ್ನು ಆರಿಸಿಕೊಂಡಿದ್ದೇನೆ. ಶನಿಯ ಹೆಸರನ್ನೆತ್ತಿದೊಡನೆ ನಮ್ಮಲ್ಲಿ ಅನೇಕರ ಮುಖ ಬಾಡುವುದುಂಟು. ಸಾಡೇಸಾತಿಯ ಭಯದಿಂದ ಮಗಳ ಮದುವೆಯನ್ನು ಮುಂದಕ್ಕೆ ಹಾಕಿದವರು, ಸಾಲ ಮಾಡಿ ಶಾಂತಿ ಮಾಡಿಸಿದವರು, ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಕಪ್ಪು ವಸ್ತ್ರ, ಕರಿಯ ಎಳ್ಳು, ಕಬ್ಬಿಣ ಇವೆಲ್ಲವೂ ಶನಿಗೆ ಸಂದ ವಸ್ತುಗಳೆಂದು ಜನರ ನಂಬಿಕೆ. ಕಪ್ಪೆಂದರೆ ಅಶುಭ, ಅಶುಭವೆಂದರೆ ಶನಿ ಎಂಬ ಈ ಸರಪಳಿ ಬಹು ಹಳೆಯದು. ಹನ್ನೆರಡನೆಯ ಶತಮಾನದ ಶರಣರು ತಿಥಿ, ವಾರ, ನಕ್ಷತ್ರಗಳ ಭಯವನ್ನು ನಿರಾಕರಿಸಿದರು. ಆ ಪರಂಪರೆಯ ಮಠದಲ್ಲಿ ನಿಂತು, ಶನಿಯ ಸುತ್ತ ಕಾಣುವ ಕಪ್ಪು ನಿಜವಾಗಿ ಏನೆಂಬುದನ್ನು ವಿಚಾರಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಶನಿಯು ಕಪ್ಪಲ್ಲ, ದೂರದರ್ಶಕದೊಳಗೆ ಅದು ಹಳದಿ ಛಾಯೆಯ ಬಿಂಬವಾಗಿ ತೋರುತ್ತದೆ. ಅದರ ದೊಡ್ಡ ಚಂದ್ರರಲ್ಲಿ ಹಲವು ನೀರ್ಗಲ್ಲಿನ ಹೊದಿಕೆಯುಳ್ಳವು, ಹಾಲಿನಂತೆ ಬೆಳ್ಳಗಿರುವಂಥವು. ಆದರೆ ಐಯಾಪಿಟಸ್ ಎಂಬ ಒಂದು ಚಂದ್ರ ಮಾತ್ರ ಅರ್ಧ ಹಿಮದಂತೆ ಬಿಳುಪು, ಅರ್ಧ ಇದ್ದಿಲಿನಂತೆ ಕಪ್ಪು. ಒಂದೇ ದೇಹದಲ್ಲಿ ಇಂಥ ವಿರೋಧವು ಹೇಗೆ ಉಂಟಾಯಿತು? ಇದೇ ಈ ದಿನದ ಪ್ರಶ್ನೆ.

ಈ ಪ್ರಶ್ನೆಯ ಇತಿಹಾಸವೇ ಸ್ವಾರಸ್ಯವಾದುದು. ಪ್ಯಾರಿಸ್ ನಗರದ ವೇಧಶಾಲೆಯಲ್ಲಿದ್ದ ಜೊವಾನ್ನಿ ದೊಮೆನಿಕೊ ಕ್ಯಾಸಿನಿ ಎಂಬ ಜ್ಯೋತಿರ್ವಿದನು 1671ನೆಯ ಇಸವಿಯ ಅಕ್ಟೋಬರದಲ್ಲಿ ಈ ಚಂದ್ರನನ್ನು ಕಂಡುಹಿಡಿದನು. ಆಗ ಅದು ಶನಿಯ ಪಶ್ಚಿಮಕ್ಕೆ ಇತ್ತು. ಕೆಲವು ವಾರಗಳ ತರುವಾಯ ಅದು ಪೂರ್ವದಿಕ್ಕಿನಲ್ಲಿ ಕಾಣಬೇಕಾಗಿತ್ತು. ಕ್ಯಾಸಿನಿಯು ಎಷ್ಟು ಹುಡುಕಿದರೂ ಕಾಣಲಿಲ್ಲ. ಮತ್ತೆ ಪಶ್ಚಿಮಕ್ಕೆ ಬರುವ ವೇಳೆಗೆ ಸರಿಯಾಗಿ ಕಂಡಿತು. ಪುನಃ ಪುನಃ ಹೀಗೆಯೇ ಆಯಿತು. ಅವನು ಇದನ್ನು ಮಾಯೆಯೆಂದಾಗಲಿ ಅಪಶಕುನವೆಂದಾಗಲಿ ಎಣಿಸಲಿಲ್ಲ. ನಮ್ಮ ಚಂದ್ರನು ಭೂಮಿಗೆ ಹೇಗೋ ಹಾಗೆ ಈ ಚಂದ್ರನೂ ಶನಿಗೆ ಸದಾ ಒಂದೇ ಮುಖವನ್ನು ತೋರಿಸುತ್ತಿರಬೇಕು. ಅದರ ಒಂದು ಪಾರ್ಶ್ವವು ಕಪ್ಪಾಗಿರಬೇಕು. ಪೂರ್ವಕ್ಕೆ ಬಂದಾಗ ಆ ಕಪ್ಪು ಪಾರ್ಶ್ವವು ನಮ್ಮ ಕಡೆಗೆ ತಿರುಗುವುದರಿಂದ ಅದು ಕಾಣದೆ ಹೋಗುತ್ತದೆ, ಎಂದು ತರ್ಕಿಸಿದನು. ಹೆಚ್ಚು ಶಕ್ತಿಯ ದೂರದರ್ಶಕದಿಂದ 1705ರಲ್ಲಿ ಪೂರ್ವದಲ್ಲಿಯೂ ಅದನ್ನು ಕಂಡನು. ಮೊದಲ ದರ್ಶನದಿಂದ ಅಷ್ಟರೊಳಗೆ 34 ವರ್ಷಗಳು ಕಳೆದಿದ್ದವು. ಅವನಿಗೆ ಎಂಬತ್ತು ವರ್ಷ ವಯಸ್ಸಾಗಿತ್ತು. ಪಶ್ಚಿಮದಲ್ಲಿರುವಾಗಿನ ಬೆಳಕಿನಲ್ಲಿ ಸುಮಾರು ಆರನೆಯ ಒಂದು ಪಾಲು ಮಾತ್ರ ಪೂರ್ವದಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ ವಸ್ತುವನ್ನು ಯುಕ್ತಿಯಿಂದ ಕಂಡು, ಕೊನೆಗೆ ಕಣ್ಣಿನಿಂದಲೂ ಕಂಡ ಆ ವೃದ್ಧನ ತಾಳ್ಮೆಗೆ ತಪಸ್ಸೆಂಬ ಹೆಸರು ಸಲ್ಲುತ್ತದೆ.

ಈ ಚಂದ್ರನ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳುವೆನು. ಅದರ ವ್ಯಾಸ ಸುಮಾರು 1,470 ಕಿಲೋಮೀಟರ್. ಶನಿಯಿಂದ ಸುಮಾರು 35 ಲಕ್ಷ 60 ಸಾವಿರ ಕಿಲೋಮೀಟರ್ ದೂರದಲ್ಲಿದ್ದು, 79 ದಿನಗಳಿಗೊಮ್ಮೆ ಶನಿಯನ್ನು ಸುತ್ತಿಬರುತ್ತದೆ. ಒಂದೇ ಮುಖವನ್ನು ಶನಿಗೆ ತೋರಿಸುವುದರಿಂದ ಅಲ್ಲಿಯ ಒಂದು ಹಗಲಿರುಳು ಸಹ ನಮ್ಮ 79 ದಿನಗಳಷ್ಟು ದೀರ್ಘ. ಅದರ ಸಾಂದ್ರತೆಯು ನೀರಿಗಿಂತ ಸ್ವಲ್ಪವೇ ಹೆಚ್ಚು. ಅರ್ಥಾತ್ ಅದರ ಬಹುಭಾಗವು ನೀರ್ಗಲ್ಲು. ಅದು ಚಲಿಸುವ ದಿಕ್ಕಿಗೆ ಯಾವ ಮುಖವು ಮುಂದಾಗಿರುವುದೋ ಆ ಮುಖವು ಕಪ್ಪು. ಬೆನ್ನಿನ ಭಾಗವು ಬಿಳುಪು. ಬಿಳಿಯ ನೆಲವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧಕ್ಕೂ ಮೀರಿ ಹಿಂದಿರುಗಿಸುತ್ತದೆ; ಕರಿಯ ನೆಲವು ನೂರರಲ್ಲಿ ನಾಲ್ಕೈದು ಪಾಲನ್ನು ಮಾತ್ರ. ಆ ಕರಿಯ ನೆಲಕ್ಕೆ ಕಂಡುಹಿಡಿದವನ ಸ್ಮರಣಾರ್ಥವಾಗಿ ಕ್ಯಾಸಿನಿ ಪ್ರದೇಶವೆಂದೇ ಹೆಸರಿಟ್ಟಿದ್ದಾರೆ.

ಇನ್ನು ಕಾರಣವಿಚಾರಕ್ಕೆ ಬರೋಣ. ಶಾಸ್ತ್ರಸಭೆಯಲ್ಲಿ ನಿಂತಿರುವುದರಿಂದ ಶಾಸ್ತ್ರಕ್ರಮದಲ್ಲಿಯೇ ಎರಡು ಪಕ್ಷಗಳನ್ನು ಹೇಳಿ, ಬಳಿಕ ಸಿದ್ಧಾಂತವನ್ನು ಹೇಳುತ್ತೇನೆ.

ಮೊದಲನೆಯ ಪಕ್ಷವು ಅಂತರ್ಮೂಲಪಕ್ಷ. ಕಪ್ಪು ಪದಾರ್ಥವು ಆ ಚಂದ್ರನ ಗರ್ಭದಿಂದಲೇ ಉಕ್ಕಿ ಬಂದು ಮೇಲ್ಮೈಯಲ್ಲಿ ಹರಡಿತು ಎಂಬುದು ಇವರ ವಾದ. 1980 ಮತ್ತು 1981ರಲ್ಲಿ ಎರಡು ವಾಯೇಜರ್ ನೌಕೆಗಳು ಶನಿಯ ಬಳಿಯಲ್ಲಿ ಹಾದುಹೋದಾಗ, ಬಿಳಿಯ ನೆಲದ ಕೆಲವು ಕುಳಿಗಳ ತಳದಲ್ಲಿ ಕಪ್ಪು ತುಂಬಿರುವುದು ಕಂಡುಬಂದಿತು; ಅದು ಈ ವಾದಕ್ಕೆ ಬಲ ಕೊಟ್ಟಿತು. ಆದರೆ ಗರ್ಭದಿಂದ ಉಕ್ಕಿದ ಪದಾರ್ಥವು ದಪ್ಪನಾಗಿ ನಿಲ್ಲಬೇಕಲ್ಲವೆ? 2004ನೆಯ ಇಸವಿಯಿಂದ 2017ರ ವರೆಗೆ ಶನಿಯನ್ನು ಸುತ್ತಿದ ಕ್ಯಾಸಿನಿ ಎಂಬ ನೌಕೆಯು 2007ರ ಸಪ್ಟಂಬರ 10ರಂದು ಐಯಾಪಿಟಸಿನ ಮೇಲೆ ಎರಡು ಸಾವಿರ ಕಿಲೋಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ಹಾರಿತು. ಆಗ ಕಂಡದ್ದೇನು? ಕರಿಯ ನೆಲದ ಮೇಲೆ ಸಣ್ಣ ಉಲ್ಕೆಗಳು ಬಿದ್ದಲ್ಲೆಲ್ಲ ಕೆಳಗಿನ ಬಿಳಿಯ ಹಿಮವು ಚುಕ್ಕೆಚುಕ್ಕೆಯಾಗಿ ಹೊರಬಿದ್ದಿದೆ. ರೇಡಾರ್ ಪರೀಕ್ಷೆಯೂ ಅದನ್ನೇ ಹೇಳಿತು. ಆ ಕಪ್ಪಿನ ದಪ್ಪವು ಹೆಚ್ಚೆಂದರೆ ಒಂದಡಿಯ ಆಸುಪಾಸು. ಸಾವಿರದ ನಾನೂರು ಕಿಲೋಮೀಟರಿಗೂ ಮೀರಿದ ಹಿಮಗೋಲದ ಮೇಲೆ ಒಂದಡಿಯ ಕಪ್ಪು! ಅದು ಗರ್ಭದ ಗುಣವಲ್ಲ, ಚರ್ಮದ ಲೇಪ. ಹೀಗೆ ಮೊದಲನೆಯ ಪಕ್ಷವು ನಿಲ್ಲಲಿಲ್ಲ.

ಎರಡನೆಯದು ಬಹಿರ್ಮೂಲಪಕ್ಷ. ಐಯಾಪಿಟಸಿನಿಂದಾಚೆಗೆ, ಸುಮಾರು 130 ಲಕ್ಷ ಕಿಲೋಮೀಟರ್ ದೂರದಲ್ಲಿ, ಫೀಬಿ ಎಂಬ ಸುಮಾರು 213 ಕಿಲೋಮೀಟರ್ ವ್ಯಾಸದ ಕರಿಯ ಚಂದ್ರನಿದ್ದಾನೆ. ಅವನು ಉಳಿದ ದೊಡ್ಡ ಚಂದ್ರರು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಾನೆ. ಫೀಬಿಯ ಮೇಲೆ ಉಲ್ಕೆಗಳು ಬಡಿದಾಗ ಏಳುವ ಧೂಳು ಸೂರ್ಯಕಿರಣಗಳ ಪ್ರಭಾವದಿಂದ ಮೆಲ್ಲಮೆಲ್ಲನೆ ಒಳಕ್ಕೆ ಸುರುಳಿಗೊಂಡು, ಎದುರು ದಿಕ್ಕಿನಿಂದ ಬರುವ ಐಯಾಪಿಟಸಿನ ಮುಂಭಾಗಕ್ಕೆ ಬಡಿಯಬೇಕೆಂದು ಸ್ಟೀವನ್ ಸೋಟರ್ ಎಂಬ ವಿಜ್ಞಾನಿ 1974ರಲ್ಲಿ ಸೂಚಿಸಿದನು. ಆಷಾಢದ ಗಾಳಿಮಳೆಗೆ ಎದುರಾಗಿ ಗದ್ದೆಯ ಬದುವಿನ ಮೇಲೆ ನಡೆಯುವವನಿಗೆ ಎದೆ ತೊಯ್ದು ಬೆನ್ನು ಒಣಗಿರುವುದಷ್ಟೆ? ನ್ಯಾಯವು ಅದೇ. 2009ರಲ್ಲಿ ಸ್ಪಿಟ್ಜರ್ ಎಂಬ ಆಕಾಶಸ್ಥ ದೂರದರ್ಶಕವು ಈ ಧೂಳಿನ ಮಹಾವಲಯವನ್ನು ಪ್ರತ್ಯಕ್ಷ ತೋರಿಸಿತು. ಶನಿಯಿಂದ ಸುಮಾರು 60 ಲಕ್ಷ ಕಿಲೋಮೀಟರಿನಾಚೆ ಆರಂಭವಾಗುವ ಆ ವಲಯವು ಮತ್ತೂ 120 ಲಕ್ಷ ಕಿಲೋಮೀಟರಿನಷ್ಟು ಹಬ್ಬಿದೆ. ಕಣ್ಣಿಗೆ ಕಾಣದಷ್ಟು ವಿರಳವಾದುದರಿಂದ ಅಷ್ಟು ಕಾಲ ಅದು ಮರೆಯಾಗಿತ್ತು.

ಧೂಳು ಬರುತ್ತಿರುವುದು ನಿಶ್ಚಯ. ಆದರೆ ಧೂಳೊಂದೇ ಕಾರಣವಾಗಿದ್ದರೆ ಮೂರು ಸಂಗತಿಗಳು ಹೊಂದುವುದಿಲ್ಲ. ಧೂಳಿನ ಲೇಪವು ಅಂಚಿನ ಕಡೆಗೆ ಕ್ರಮವಾಗಿ ತೆಳ್ಳಗಾಗಿ, ಕಪ್ಪು ಬೂದಿಬಣ್ಣವಾಗಿ, ಬೂದಿಬಣ್ಣ ಬಿಳುಪಾಗಿ ಮಾರ್ಪಡಬೇಕಾಗಿತ್ತು. ಅಲ್ಲಿಯಾದರೋ ಬೂದಿಬಣ್ಣಕ್ಕೆ ಎಡೆಯೇ ಇಲ್ಲ. ಕಪ್ಪು ಮುಗಿದಲ್ಲಿ ಬಿಳುಪು ಆರಂಭವಾಗುತ್ತದೆ. ಎರಡನೆಯದಾಗಿ, ಮುಂಭಾಗದ ಧ್ರುವಪ್ರದೇಶಗಳೂ ಕಪ್ಪಾಗಬೇಕಾಗಿತ್ತು, ಅವು ಬೆಳ್ಳಗಿವೆ. ಅದೇ ಕಾಲಕ್ಕೆ ಸಮಭಾಜಕವೃತ್ತದ ಬಳಿಯಲ್ಲಿ ಕಪ್ಪು ಬೆನ್ನಿನ ಕಡೆಗೂ ದಾಟಿ ಹೋಗಿದೆ. ಮೂರನೆಯದಾಗಿ, ಅಂಚಿನ ಕುಳಿಗಳಲ್ಲಿ ಸಮಭಾಜಕದ ಕಡೆಗೆ, ಅಂದರೆ ಬಿಸಿಲಿಗೆ ಮುಖಮಾಡಿದ ಗೋಡೆಗಳು ಕಪ್ಪಾಗಿಯೂ ಧ್ರುವದ ಕಡೆಗೆ ಮುಖಮಾಡಿದವು ಬೆಳ್ಳಗೂ ಇವೆ. ಧೂಳಿಗೆ ಬಿಸಿಲು-ನೆರಳುಗಳ ವಿವೇಚನೆ ಎಲ್ಲಿಯದು? ಆದುದರಿಂದ ಉಷ್ಣವೂ ಇಲ್ಲಿ ಕರ್ತೃವಾಗಿದೆಯೆಂದು ಒಪ್ಪಬೇಕಾಯಿತು.

ಈಗ ಸಿದ್ಧಾಂತ. ಇದನ್ನು ಜಾನ್ ಸ್ಪೆನ್ಸರ್ ಮತ್ತು ಟಿಲ್ಮನ್ ಡೆಂಕ್ ಎಂಬ ವಿಜ್ಞಾನಿಗಳು 2010ರಲ್ಲಿ ಪೂರ್ಣವಾಗಿ ನಿರೂಪಿಸಿದರು. ಡಬ್ಬಿಯಲ್ಲಿಟ್ಟ ಕರ್ಪೂರವು ಕರಗಿ ನೀರಾಗದೆಯೇ ದಿನೇ ದಿನೇ ಸವೆಯುವುದನ್ನು ನಾವು ಬಲ್ಲೆವು. ಗಾಳಿಯಿಲ್ಲದ ಆ ಲೋಕದಲ್ಲಿ ಹಿಮವೂ ಕರ್ಪೂರದಂತೆಯೇ ಸವೆಯುತ್ತದೆ. ಫೀಬಿಯ ಧೂಳು ಮುಂಭಾಗವನ್ನು ಮೊದಲು ಕೊಂಚವೇ ಮಸಕು ಮಾಡಿತು. ಮಸಕಾದ ನೆಲವು ಬಿಸಿಲನ್ನು ಕೊಂಚ ಹೆಚ್ಚಾಗಿ ಹೀರಿತು. ಕರಿಯ ಕೊಡೆಗೂ ಸುಣ್ಣ ಬಳಿದ ಗೋಡೆಗೂ ನಡು ಹಗಲಿನಲ್ಲಿರುವ ಅಂತರವನ್ನು ಕೈಯಿಂದ ಮುಟ್ಟಿದವರಿಗೆ ಇದು ತಿಳಿಯದ ಮಾತಲ್ಲ. ಹೆಚ್ಚು ಬಿಸಿಯಾದಲ್ಲಿ ಹಿಮವು ಹೆಚ್ಚು ಸವೆಯಿತು. ಹಿಮದೊಳಗೆ ಮೊದಲೇ ಬೆರೆತಿದ್ದ ಮಣ್ಣು ಅಲ್ಲಿಯೇ ಉಳಿಯಿತು. ನೆಲವು ಮತ್ತಷ್ಟು ಕಪ್ಪಾಯಿತು. ಕಪ್ಪಾದಂತೆ ಮತ್ತಷ್ಟು ಬಿಸಿಯಾಯಿತು. ಆವಿಯಾದ ನೀರು ಎಲ್ಲಿ ಹೋಯಿತು? ಆ ಚಂದ್ರನ ಆಕರ್ಷಣಶಕ್ತಿಯು ಭೂಮಿಯದರಲ್ಲಿ ನಲವತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಆವಿಯ ಕಣಗಳು ದೂರದೂರಕ್ಕೆ ನೆಗೆದು, ತಂಪಾದ ಧ್ರುವಗಳಲ್ಲಿಯೂ ಬೆನ್ನಿನ ಭಾಗದಲ್ಲಿಯೂ ಮತ್ತೆ ಹಿಮವಾಗಿ ಕೂತವು. ಅಲ್ಲಿ ಬಿಳುಪು ಹೆಚ್ಚಿತು. ಬಿಳುಪು ಹೆಚ್ಚಿದಂತೆ ತಂಪು ಹೆಚ್ಚಿತು. ಹೀಗೆ ಕಪ್ಪು ತನ್ನ ಕಪ್ಪನ್ನು, ಬಿಳುಪು ತನ್ನ ಬಿಳುಪನ್ನು ತಾನೇ ಬೆಳೆಸಿಕೊಂಡವು. ನಡುವಣ ಬೂದಿಬಣ್ಣಕ್ಕೆ ನೆಲೆಯಿಲ್ಲದೆ ಹೋಯಿತು.

ಅಂಕಿಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮಧ್ಯಾಹ್ನದಲ್ಲಿ ಕರಿಯ ನೆಲದ ಉಷ್ಣಮಾನ ಶೂನ್ಯಕ್ಕಿಂತ ಸುಮಾರು 144 ಅಂಶ ಸೆಲ್ಸಿಯಸ್ ಕೆಳಗೆ, ಬಿಳಿಯ ನೆಲದ್ದು ಸುಮಾರು 160 ಅಂಶ ಕೆಳಗೆ. ನಮ್ಮ ದೃಷ್ಟಿಗೆ ಎರಡೂ ಘೋರ ಶೀತವೇ. ಅಂತರವು ಹದಿನಾರು ಅಂಶ ಮಾತ್ರ. ಆದರೆ ನೂರು ಕೋಟಿ ವರ್ಷಗಳಲ್ಲಿ ಕರಿಯ ನೆಲವು ಸುಮಾರು 20 ಮೀಟರ್ ಹಿಮವನ್ನು ಕಳೆದುಕೊಂಡರೆ, ಬಿಳಿಯ ನೆಲವು ಕಳೆದುಕೊಳ್ಳುವುದು 10 ಸೆಂಟಿಮೀಟರ್ ಮಾತ್ರ ಎಂಬುದು ಗಣಿತ. ಹದಿನಾರು ಅಂಶಗಳ ಭೇದದಿಂದ ಇನ್ನೂರು ಪಟ್ಟಿನ ಭೇದ! ಆ 79 ದಿನಗಳ ದೀರ್ಘವಾದ ಹಗಲಿರುಳು ಇದಕ್ಕೆ ಮುಖ್ಯ ಸಹಾಯಕ. ನಿಧಾನವಾಗಿ ತಿರುಗುವುದರಿಂದ ಕರಿಯ ನೆಲಕ್ಕೆ ಚೆನ್ನಾಗಿ ಕಾಯಲು ಅವಕಾಶ ದೊರೆಯುತ್ತದೆ. ಬೇಗಬೇಗನೆ ತಿರುಗುವ ಒಳಗಣ ಚಂದ್ರರಿಗೆ ಈ ಅವಕಾಶವೂ ಇಲ್ಲ, ಅಷ್ಟು ಧೂಳೂ ಅವರಿಗೆ ತಲುಪುವುದಿಲ್ಲ.

ಇದೆಲ್ಲವೂ ದೂರದ ಮಾತೆಂದು ಯಾರಾದರೂ ಹೇಳಬಹುದು. ಹತ್ತಿರದ ದೃಷ್ಟಾಂತವೊಂದನ್ನು ಕರ್ಕಿಯ ನೆಲದಿಂದಲೇ ಕೊಡುತ್ತೇನೆ. ಹೊನ್ನಾವರದ ಸೀಮೆಯಲ್ಲಿ ಮನೆ ಕಟ್ಟುವ ಚಿರೆಕಲ್ಲನ್ನು ನೀವು ನೋಡಿರಬಹುದು. ಹೊನ್ನಾವರದ ಕಡಲೊಳಗಿನ ಬಸವರಾಜದುರ್ಗದ ಗೋಡೆಗಳೂ ಆ ಕಲ್ಲಿನವೇ. ಅದು ವೀರಶೈವರಾದ ಕೆಳದಿಯ ಅರಸರ ಕಾಲದ್ದೆಂದು ಪ್ರಸಿದ್ಧವಾಗಿದೆ. ಈ ಕೆಂಪು ಕಲ್ಲು ಹೊರಗಿನಿಂದ ಬಂದು ಬಿದ್ದುದಲ್ಲ. ಭೂಗರ್ಭದಿಂದ ಉಕ್ಕಿದುದೂ ಅಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಮೂಲಶಿಲೆಯೊಳಗಿನ ಕರಗುವ ಅಂಶಗಳನ್ನು ಲಕ್ಷಾಂತರ ವರ್ಷಗಳ ಕಾಲ ತೊಳೆದು ಹೊಳೆಗೂ ಕಡಲಿಗೂ ಒಯ್ದಿತು. ಕರಗದೆ ನಿಂತ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶಗಳೇ ಕೆಂಪು ಹೊದಿಕೆಯಾದವು. ಚಿರೆಕಲ್ಲೆಂದರೆ ಉಳಿಕೆ. ಕುಮಟೆಯ ಸೀಮೆಯ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಕಡಲನೀರು ಆರಿದ ಮೇಲೆ ನಿಲ್ಲುವ ಬಿಳಿಯ ಉಪ್ಪೂ ಉಳಿಕೆಯೇ. ಒಂದೆಡೆ ನೀರು ಹೋಗಿ ಕೆಂಪು ಉಳಿಯಿತು, ಇನ್ನೊಂದೆಡೆ ನೀರು ಹೋಗಿ ಬಿಳುಪು ಉಳಿಯಿತು, ಐಯಾಪಿಟಸಿನಲ್ಲಿ ನೀರು ಹೋಗಿ ಕಪ್ಪು ಉಳಿಯಿತು. ದೃಷ್ಟಾಂತವು ಸರ್ವಾಂಶದಲ್ಲಿ ಹೊಂದುವುದಿಲ್ಲ. ಅಲ್ಲಿ ಮಳೆಯಿಲ್ಲ, ಹರಿಯುವ ನೀರಿಲ್ಲ. ಆದರೆ ಹೋಗತಕ್ಕದ್ದು ಹೋದ ಮೇಲೆ ಇರತಕ್ಕದ್ದು ಬಣ್ಣವನ್ನು ನಿರ್ಣಯಿಸುತ್ತದೆಂಬ ನಿಯಮವು ಕರ್ಕಿಯ ಗುಡ್ಡಕ್ಕೂ ಶನಿಯ ಚಂದ್ರನಿಗೂ ಒಂದೇ.

ಇಷ್ಟನ್ನು ಕೇಳಿ, ಎಲ್ಲಿ ಕಪ್ಪು-ಬಿಳುಪುಗಳಿವೆಯೋ ಅಲ್ಲೆಲ್ಲ ಇದೇ ಕಾರಣವೆಂದು ತೀರ್ಮಾನಿಸುವುದು ಸಲ್ಲದು. ಗುರುಗ್ರಹದ ಗ್ಯಾನಿಮೀಡ್ ಎಂಬ ಚಂದ್ರನನ್ನು ನೋಡಿರಿ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಈ ಚಂದ್ರನು 5,268 ಕಿಲೋಮೀಟರ್ ವ್ಯಾಸದವನು, ಬುಧಗ್ರಹಕ್ಕಿಂತಲೂ ದೊಡ್ಡವನು. ಅವನ ಮೈಯ ಮೂರರಲ್ಲೊಂದು ಪಾಲು ಕಪ್ಪು, ಉಳಿದದ್ದು ಬಿಳುಪು. ಆದರೆ ಅಲ್ಲಿ ಮುಂಭಾಗ-ಹಿಂಭಾಗಗಳ ವಿಭಾಗವಿಲ್ಲ. ಕರಿಯ ತುಂಡುಗಳ ನಡುವೆ ಬಿಳಿಯ ಪಟ್ಟಿಗಳು ನೇಗಿಲು ಹೊಡೆದ ಹೊಲದಂತೆ ಸಾಲುಸಾಲಾಗಿ ಹಾದುಹೋಗಿವೆ. ಕರಿಯ ನೆಲವು ಸುಮಾರು ನಾನೂರು ಕೋಟಿ ವರ್ಷಗಳಷ್ಟು ಹಳೆಯದು, ಉಲ್ಕಾಘಾತಗಳಿಂದ ಜರ್ಜರಿತವಾದುದು. ಬಿಳಿಯದು ಅದಕ್ಕಿಂತ ಈಚಿನದು. ಗ್ಯಾನಿಮೀಡಿನ ಗರ್ಭವು ಕಾದಾಗ ಮೇಲಿನ ಹಿಮದ ಹೊದಿಕೆಯು ಹಿಗ್ಗಿ ಸೀಳಿ, ಹಳೆಯ ಮಾಸಿದ ನೆಲವು ತುಂಡಾಗಿ, ಶುಭ್ರವಾದ ಹಿಮವು ಹೊರಗೆ ಬಂದುದರಿಂದ ಈ ಪಟ್ಟಿಗಳಾದವು. ಐಯಾಪಿಟಸಿನಲ್ಲಿ ಸೋತ ಅಂತರ್ಮೂಲಪಕ್ಷವು ಇಲ್ಲಿ ಗೆದ್ದಿತು. ಅದೂ ಕಪ್ಪಿನ ವಿಷಯದಲ್ಲಿ ಅಲ್ಲ, ಬಿಳುಪಿನ ವಿಷಯದಲ್ಲಿ! ನೋಟವೊಂದೇ ಆದರೂ ಕಾರಣವು ಬೇರೆ.

ಗ್ಯಾನಿಮೀಡಿನ ವಿಚಾರದಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ. 1972ರ ಜೂನ್ 7ರಂದು ಆ ಚಂದ್ರನು ಒಂದು ನಕ್ಷತ್ರವನ್ನು ಮರೆಮಾಡಿದುದನ್ನು ಜಾವಾದ್ವೀಪದಿಂದಲೂ ತಮಿಳುನಾಡಿನ ಕಾವಲೂರಿನಿಂದಲೂ ಅಳೆದರು. ಕಾವಲೂರಿನ ವೇಧಶಾಲೆಯು ಇಂದು ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಅಲ್ಲಿ ತೆಳುವಾದ ವಾಯುಮಂಡಲವಿದೆಯೆಂದು ಆ ಅಳತೆಯಿಂದ ಊಹಿಸಿದರು. 1979ರಲ್ಲಿ ವಾಯೇಜರ್ ನೌಕೆಯು ಅದು ಊಹಿಸಿದ್ದಕ್ಕಿಂತಲೂ ಬಹು ಪಾಲು ವಿರಳವೆಂದು ತೋರಿಸಿತು. ಕಪ್ಪು-ಬಿಳುಪುಗಳನ್ನು ಕಲಸಿ ಅಳಿಸುವ ಗಾಳಿಮಳೆಗಳು ಇಲ್ಲದಿರುವುದರಿಂದಲೇ ನಾನೂರು ಕೋಟಿ ವರ್ಷಗಳ ನೆಲವು ಅಲ್ಲಿ ಇಂದಿಗೂ ಉಳಿದಿದೆ. 2023ರ ಏಪ್ರಿಲ್ 14ರಂದು ಯುರೋಪಿನವರು ಕಳುಹಿಸಿದ ಜ್ಯೂಸ್ ಎಂಬ ನೌಕೆಯು 2031ರಲ್ಲಿ ಗುರುಗ್ರಹವನ್ನು ಮುಟ್ಟಿ, ತರುವಾಯ ಗ್ಯಾನಿಮೀಡನ್ನೇ ಸುತ್ತತಕ್ಕದ್ದೆಂದು ಏರ್ಪಾಡಾಗಿದೆ.

ಮಹಾಜನರೇ, ಪ್ರಕೃತಿಯ ವಿಚಾರದಿಂದ ಧರ್ಮಬೋಧೆಯನ್ನು ಹಿಂಡಿ ತೆಗೆಯುವುದು ಸುಲಭ. ಹಾಗೆ ಮಾಡಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಆದುದರಿಂದ ವಿಚಾರದೊಳಗೆ ಸಿದ್ಧವಾದಷ್ಟನ್ನೇ ಹೇಳುತ್ತೇನೆ. ಶನಿಯ ಪರಿವಾರದೊಳಗಿನ ಈ ಕಪ್ಪು ಯಾರ ಕೋಪವೂ ಅಲ್ಲ, ಯಾರ ಶಾಪವೂ ಅಲ್ಲ. ಅದು ಹೊರಗಿನ ಒಂದಿಷ್ಟು ಧೂಳಿನಿಂದ ಮೊದಲಾಗಿ, ಬಿಸಿಲಿನಿಂದ ಬೆಳೆದು, ಒಂದಡಿಯಷ್ಟು ದಪ್ಪವಾಗಿ ನಿಂತಿರುವ ಮಣ್ಣು. ಅದರ ಕೆಳಗೆ ಇರುವುದೆಲ್ಲವೂ ಹಿಮ. ಅಲ್ಲಿಯ ಮಣ್ಣಿಗೆ ನಮ್ಮ ಹೆಣ್ಣುಮಕ್ಕಳ ಮದುವೆಯ ಗೊಡವೆಯಿಲ್ಲ. ಅಲ್ಲಿಯ ಹಿಮಕ್ಕೆ ನಮ್ಮ ಬೆಳೆಯ ಚಿಂತೆಯಿಲ್ಲ. ಬಡ ಒಕ್ಕಲಿಗನು ಸಾಲ ತಂದು ಶಾಂತಿ ಮಾಡಿಸಿದರೆ ಶನಿಗೆ ತಿಳಿಯುವುದಿಲ್ಲ, ಸಾಲಗಾರನಿಗೆ ಮಾತ್ರ ತಿಳಿಯುತ್ತದೆ. ಇದನ್ನು ಪರಿಹಾಸದಿಂದ ಹೇಳುತ್ತಿಲ್ಲ. ಭಯಪಟ್ಟವನನ್ನು ನೋಡಿ ನಕ್ಕರೆ ಭಯವು ಹೋಗುವುದಿಲ್ಲ. ಭಯಪಟ್ಟ ವಸ್ತುವನ್ನು ಅವನ ಕಣ್ಣಿಗೇ ತೋರಿಸಿದರೆ ಹೋಗುತ್ತದೆ.

ಆದುದರಿಂದ ಶ್ರೀಸನ್ನಿಧಿಯಲ್ಲಿ ಒಂದು ಅರಿಕೆಯನ್ನು ಮಾಡಿಕೊಳ್ಳುತ್ತೇನೆ. ಈ ಉತ್ಸವದ ನೆನಪಿಗಾಗಿ ಶ್ರೀಮಠದ ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ನಾಲ್ಕು ಅಂಗುಲದ ದೂರದರ್ಶಕವೊಂದನ್ನು ಒದಗಿಸಬೇಕು. ಶನಿಯು ರಾತ್ರಿಯಲ್ಲಿ ಚೆನ್ನಾಗಿ ಕಾಣುವ ತಿಂಗಳುಗಳಲ್ಲಿ, ಐಯಾಪಿಟಸ್ ಪಶ್ಚಿಮದ ತುದಿಯಲ್ಲಿರುವ ದಿನವನ್ನು ಪಂಚಾಂಗಗಣಿತದಿಂದ ತಿಳಿದು, ಆ ಸಣ್ಣ ಚುಕ್ಕೆಯನ್ನು ಮಕ್ಕಳು ಗುರುತಿಸಿ ಬರೆದಿಡಲಿ. ಅಲ್ಲಿಂದ ನಲವತ್ತು ದಿನಗಳ ಬಳಿಕ ಅದು ಪೂರ್ವದ ತುದಿಗೆ ಬರುತ್ತದೆ. ಆಗ ಅದೇ ಯಂತ್ರದಲ್ಲಿ ಅದು ಕಷ್ಟದಿಂದ ಕಂಡೀತು, ಇಲ್ಲವೆ ಕಾಣಲಾರದು. ಮತ್ತೆ ನಲವತ್ತು ದಿನಗಳಿಗೆ ಪಶ್ಚಿಮದಲ್ಲಿ ಬೆಳಗೀತು. ಕ್ಯಾಸಿನಿಯು ಮೂವತ್ತುನಾಲ್ಕು ವರ್ಷ ಕಾದು ಪಡೆದ ಜ್ಞಾನವನ್ನು ನಮ್ಮ ಮಕ್ಕಳು ಮೂರು ತಿಂಗಳುಗಳಲ್ಲಿ ಸ್ವಂತ ಕಣ್ಣಿನಿಂದ ಪಡೆಯುವರು. ಶನಿಯನ್ನು ಹಾಗೆ ಕಂಡ ಹುಡುಗನೂ ಹುಡುಗಿಯೂ ಮುಂದೆ ಮನೆಯ ಯಜಮಾನ-ಯಜಮಾನಿಯರಾದಾಗ, ಯಾರೋ ಬಂದು ಶನಿಯ ಹೆಸರಿನಿಂದ ಹೆದರಿಸಿದರೆ, ಏನು ಉತ್ತರ ಹೇಳಬೇಕೆಂಬುದನ್ನು ನಾವು ಕಲಿಸಬೇಕಾಗಿ ಬರುವುದಿಲ್ಲ.